ಬೆಳ್ಳುಳ್ಳಿಯಿಲ್ಲದ ಊಟ

ನಮ್ಮ ಬುಗಿಯಾಸ್ ಗುಡ್ಡದೂರಿನ ಕಡೆ ಬೆಳ್ಳುಳ್ಳಿ ಬೀಳದ ಒಗ್ಗರಣೆಯೆಂದರೆ ಪಾದ್ರಿಯಿಲ್ಲದ ಮದುವೆಯಿದ್ದ ಹಾಗೆ, ಯಾರೂ ಒಪ್ಪುವುದಿಲ್ಲ. ಆದರೆ ಅವತ್ತು ಬೆಳಿಗ್ಗೆ ನನ್ನ ತಂಗಿ ಎದ್ನಾ ಅಡುಗೆಮನೆಯ ಬೆಳ್ಳುಳ್ಳಿ, ಈರುಳ್ಳಿ, ಮೆಣಸಿನಕಾಯಿಯನ್ನೆಲ್ಲ ಬುಟ್ಟಿಗೆ ತುಂಬಿ ನನ್ನ ಕೈಗಿತ್ತಳು.

"ನಿನ್ನ ಮನೇಲಿಟ್ಕೋ ಅಕ್ಕಾ. ಕಣ್ಣಿಗೆ ಬಿದ್ರೆ ನನ್ನ ಕೈ ಸುಮ್ನಿರಲ್ಲ."

ಅವಳ ಗಂಡ ರುಫಿನೊನ ಹೊಟ್ಟೆ ಕೆಟ್ಟು ತಿಂಗಳುಗಳಾಗಿದ್ದವು. ತಿಂದರೆ ಉರಿ, ತಿನ್ನದಿದ್ದರೆ ಚುಚ್ಚು. ಪೇಟೆಯ ಆಸ್ಪತ್ರೆಗೆ ಹೋಗಿ ತೋರಿಸು ಎಂದು ಊರಿನ ನರ್ಸಮ್ಮ ಹೇಳಿ ಹೇಳಿ ಸುಸ್ತಾಗಿದ್ದಳು. ಅವನದು ಒಂದೇ ಉತ್ತರ: "ನಮ್ಮಪ್ಪ ಅಲ್ಲಿಗೆ ನಡ್ಕೊಂಡು ಹೋದ, ಪೆಟ್ಟಿಗೇಲಿ ವಾಪಸ್ ಬಂದ." ಒಳ್ಳೆಯ ಮನುಷ್ಯನೇ, ಆದರೆ ಹಟ ಹಿಡಿದರೆ ಥೇಟ್ ಕೋಣ.

ಅವನು ಎಲೆಕೋಸಿನ ಲಾರಿ ಓಡಿಸುತ್ತಿದ್ದ. ಮನಿಲಾಕ್ಕೆ ಹೋಗಬೇಕಾದ ಲೋಡು ತುಂಬಿ ರಸ್ತೆಯಲ್ಲಿ ನಿಂತಿತ್ತು. ಎದ್ನಾ ಲಾರಿಯ ಕೀಲಿಯನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಿದ್ದಳು.

"ನಾನು ಮಾಡಿದ್ದನ್ನ ತಟ್ಟೆ ತುಂಬ ತಿನ್ನು. ಹೊಟ್ಟೆ ಹಿಡ್ಕೊಳ್ದೆ ತಿಂದ್ರೆ ಕೀಲಿ ಕೊಡ್ತೀನಿ. ಆಗ್ಲಿಲ್ವಾ, ಇವತ್ತೇ ಆಸ್ಪತ್ರೆ" ಎಂದಳು.

"ಬಹುಮಾನ ಬರೀ ಕೀಲಿನಾ? ನಾನು ಬೇರೇನೋ ಅನ್ಕೊಂಡಿದ್ದೆ."

"ಹಲ್ಲು ಕಿಸೀಬೇಡ. ಕೂತ್ಕೋ."

ಕಬ್ಬಿಣದ ಬಾಣಲೆ ಹೊಗೆಯಾಡುವವರೆಗೆ ಕಾಯಿಸಿ, ಎಣ್ಣೆಯಲ್ಲಿ ಜಜ್ಜಿದ ಶುಂಠಿಯನ್ನಷ್ಟೇ ಹಾಕಿದಳು. ಕೊಬ್ಬು ತೆಗೆದ ದನದ ಮಾಂಸವನ್ನು ಮುಂಜಾನೆಯೇ ಕತ್ತಿಯಲ್ಲಿ ಕೊಚ್ಚಿ ಕೊಚ್ಚಿ ಹಿಟ್ಟಿನಂತೆ ಮಾಡಿಟ್ಟಿದ್ದಳು. ಅದು ಬಣ್ಣ ತಿರುಗುತ್ತಲೇ ದಾರದ ಹಾಗೆ ಹೆಚ್ಚಿದ ಎಲೆಕೋಸನ್ನು ಸುರಿದು, ಉಪ್ಪು ಉದುರಿಸಿ, ಮೂಳೆಯ ರಸ ಒಂದು ಸೌಟು ಹೊಯ್ದು ಮುಚ್ಚಿದಳು. ಅನ್ನ ಬಸಿಯುವಷ್ಟರಲ್ಲಿ ಕೋಸು ಮೆತ್ತಗಾಗಿತ್ತು. ನಾನು ರುಚಿ ನೋಡಿದೆ. ಸಪ್ಪೆ ಎನ್ನಲು ಬಾಯಿ ತೆರೆದವಳು ಅವಳ ಮುಖ ನೋಡಿ ಇನ್ನೊಂದು ತುತ್ತು ಬಾಯಿಗಿಟ್ಟೆ.

ಮೂವರೂ ಊಟಕ್ಕೆ ಕೂತೆವು. ರುಫಿನೊ ಜಾಕೆಟ್ ಹಾಕಿಕೊಂಡೇ ಇದ್ದ.

"ಒಲೆ ಪಕ್ಕ ಕೂತು ಜಾಕೆಟ್ ಯಾಕೋ? ಬಿಚ್ಚಿ ಬಿಸಾಕು" ಎಂದು ಗದರಿದೆ.

"ಚಳಿ ಅತ್ತಿಗೆ. ನಿಮ್ಗೇನು, ಸಿಟ್ಟಲ್ಲೇ ಮೈ ಕಾಯಿಸ್ಕೋತೀರಾ."

ಎರಡು ತುತ್ತು ನಮ್ಮೆದುರೇ ತಿಂದ. "ಬೆಳ್ಳುಳ್ಳಿ ಇಲ್ದಿದ್ರೂ ಏನು ರುಚಿ ಎದ್ನಾ! ಇನ್ನೂ ಇದ್ರೆ ತಾ" ಎಂದ. ಅವನು ಎರಡನೇ ಸಲ ಕೇಳಿ ಎಷ್ಟು ಕಾಲವಾಗಿತ್ತೋ. ಅವಳು ಓಡಿದಂತೆ ಒಲೆಯ ಕಡೆ ಹೋದಳು. ಅಷ್ಟರಲ್ಲಿ ಅವನ ಜೊತೆಗಾರ ಕಡ್ಸಾಪ್ ರಸ್ತೆಯಿಂದ ಹಾರ್ನ್ ಒತ್ತತೊಡಗಿದ. ಉಣ್ಣುವವನನ್ನು ಎಬ್ಬಿಸುತ್ತೀಯಾ ಎಂದು ಬಾಗಿಲಿಗೆ ಹೋಗಿ ಬೈದು ಬಂದೆ. ಬರುವಾಗ ತಟ್ಟೆ ಖಾಲಿ. ಎದ್ನಾ ಮತ್ತೆ ಬಡಿಸಿದಳು. ನೀರು ತರಲು ಹೇಳಿ ಒಬ್ಬಳನ್ನು, ಉಪ್ಪು ಕೇಳಿ ಇನ್ನೊಬ್ಬಳನ್ನು ಎಬ್ಬಿಸಿದ. ಅದೂ ಖಾಲಿಯಾಯಿತು. ಹೊಟ್ಟೆ ಮುಟ್ಟಿಕೊಳ್ಳಲಿಲ್ಲ.

ಎದ್ನಾ ಅಕ್ಕಿಯಿಂದ ಕೀಲಿ ತೆಗೆದು ಬರಿಗೈಯಲ್ಲೇ ಕಣ್ಣೊರೆಸಿಕೊಂಡು ಕೊಟ್ಟಳು. ಸಂತೋಷಕ್ಕೆ ಅಳುತ್ತಿದ್ದಳು, ಹುಚ್ಚಿ.

ನಮ್ಮಲ್ಲಿ ಊಟದ ನಡುವೆ ಒಬ್ಬರು ಎದ್ದು ದಾರಿ ಹಿಡಿದರೆ ಉಳಿದವರು ತಮ್ಮ ತಟ್ಟೆ ಒಂದು ಸುತ್ತು ತಿರುಗಿಸಬೇಕು, ಹೋದವರು ಕ್ಷೇಮವಾಗಿ ಬರಲೆಂದು. ಅವನು ಹೊರಟೊಡನೆ ನಾವಿಬ್ಬರೂ ತಿರುಗಿಸಿದೆವು. ಎದ್ನಾ ಅವನ ಖಾಲಿ ತಟ್ಟೆಯನ್ನೂ ತಿರುಗಿಸಿದಳು. ಮಳೆಗಾಲದಲ್ಲಿ ಬಯಲಿಗಿಳಿಯುವ ಆ ಘಾಟಿ ಎಷ್ಟು ಲಾರಿಗಳನ್ನು ನುಂಗಿದೆ! ನಮಗಿದ್ದ ಭಯವೆಲ್ಲ ಗುಡ್ಡದ್ದೇ.

ಗುಡ್ಡ ಅವನ ಮೇಲೆ ಒಂದು ಕಲ್ಲನ್ನೂ ಬೀಳಿಸಲಿಲ್ಲ. ಘಾಟಿ ಇಳಿದು ಬಯಲಿನ ನೆಟ್ಟಗಿನ ರಸ್ತೆ ಸಿಕ್ಕ ಮೇಲೆ ಅವನು ರಕ್ತ ಕಾರಿಕೊಂಡ.

"ಅಣ್ಣ ಲಾರೀನ ಪಕ್ಕಕ್ಕೆ ತಂದು ನಿಲ್ಸಿ, ಹ್ಯಾಂಡ್‌ಬ್ರೇಕ್ ಹಾಕಿ, ಆಮೇಲೇ ಒರಗಿದ್ದು" ಎಂದ ಕಡ್ಸಾಪ್, ಹೆಣದ ಜೊತೆ ಬಂದು ಅಂಗಳದಲ್ಲಿ ನಿಂತು. "ಆಸ್ಪತ್ರೆಗೆ ಹೋಗೋಣ ಅಂದೆ ಅಕ್ಕಾ. ಬೇಡ, ಮನೇಗ್ ತಿರುಗ್ಸು ಅಂದ. ಅಷ್ಟೇ."

ಸತ್ತವನಿಗೆ ಒಳ್ಳೆಯ ಬಟ್ಟೆ ಹಾಕಬೇಕೆಂದು ನಾನು ಜಾಕೆಟ್ ಬಿಚ್ಚಿದೆ. ಒಳಜೇಬು ಭಾರವಾಗಿತ್ತು. ಎಲೆ ಅಡಿಕೆ ಇಟ್ಟುಕೊಳ್ಳುವ ಪ್ಲಾಸ್ಟಿಕ್ ಚೀಲವಿರಬೇಕು ಎಂದುಕೊಂಡೆ. ಚೀಲ ಅದೇ. ಗಂಟು ಬಿಚ್ಚುತ್ತಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಅನ್ನ, ಎಲೆಕೋಸು, ಅಷ್ಟು ಕಷ್ಟಪಟ್ಟು ಕೊಚ್ಚಿದ ಮಾಂಸ. ಮುಚ್ಚಿಡೋಣವೆಂದುಕೊಳ್ಳುವಷ್ಟರಲ್ಲಿ ಎದ್ನಾ ಪಕ್ಕದಲ್ಲೇ ನಿಂತಿದ್ದಳು.

ಅವಳು ಅವನ ತಟ್ಟೆ ತಂದು ಚೀಲವನ್ನು ಅದರಲ್ಲಿ ಸುರಿದಳು. ಬೆರಳಿನಿಂದ ಹರಡಿ ನೋಡಿದಳು. ತಟ್ಟೆ ತುಂಬಿ ಆಚೆ ಚೆಲ್ಲಿತು.

ಸಿಟ್ಟು ನನ್ನ ನೆತ್ತಿಗೇರಿತು. ಹೆಣವೆಂದೂ ನೋಡದೆ, "ಮೋಸಗಾರ! ಹೆಂಡ್ತಿ ಹತ್ರ ಆಡೋ ಆಟಾನೇನೋ ಇದು?" ಎಂದು ಕೂಗಿದೆ.

"ಬೈಬೇಡ ಅಕ್ಕಾ," ಎಂದಳು ಎದ್ನಾ, ಚೆಲ್ಲಿದ್ದನ್ನು ಒಂದೊಂದೇ ಅಗುಳು ಎತ್ತಿ ತಟ್ಟೆಗೆ ಹಾಕುತ್ತಾ. "ಎರಡ್ ಸಲ ಬಡಿಸಿದ್ದೂ ಇಲ್ಲೇ ಇದೆ. ಹಸ್ಕೊಂಡೇ ಹೋದ್ನಲ್ಲ."