ಇಪ್ಪತ್ತು ಕೇಳುಗರು

"ಇಪ್ಪತ್ತು ಜನ ಕೂತಿರಬೇಕಮ್ಮ. ಹತ್ತೊಂಬತ್ತೇ ಇದ್ರೂ ನಾನು ಸಹಿ ಹಾಕಲ್ಲ," ಎಂದರು ಅವಳ ಪಿಎಚ್‌.ಡಿ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು, ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸುತ್ತ. "ನಾನು ಮಾಡಿದ ನಿಯಮ ಅಲ್ಲ, ನಿಮ್ಮ ವಿಶ್ವವಿದ್ಯಾಲಯದ್ದೇ. ಮುಕ್ತ ವೈವಾ ಅಂದ್ಮೇಲೆ ಕೇಳೋರು ಬೇಡ್ವಾ? ಗೋಡೆಗೆ ಹೇಳ್ಕೊಳ್ಳೋದಾದ್ರೆ ಮನೇಲೇ ಹೇಳ್ಕೋಬಹುದಿತ್ತು."

ಅವಳು ಕೋಣೆಯನ್ನೊಮ್ಮೆ ನೋಡಿದಳು. ಸದ್ಯಕ್ಕೆ ಕೇಳುವುದಕ್ಕೆ ಇದ್ದದ್ದು ಗೋಡೆಗಳೇ. ಸಸ್ಯಶಾಸ್ತ್ರ ವಿಭಾಗದ ಕುರ್ಚಿಗಳನ್ನೆಲ್ಲ ಹಿಂದಿನ ದಿನವೇ ಲಾರಿಗೆ ಹೇರಿ ಆಟದ ಮೈದಾನಕ್ಕೆ ಸಾಗಿಸಿದ್ದರು. ನೆಲಕ್ಕೆ ಬೋಲ್ಟು ಹೊಡೆದಿದ್ದರಿಂದ ಹಿಂದಿನ ನಾಲ್ಕು ಉದ್ದ ಬೆಂಚುಗಳು, ಗೈಡ್ ಮೇಡಂ ತಮ್ಮ ಕೋಣೆಗೆ ಬೀಗ ಹಾಕಿಕೊಂಡು ಹೋಗಿದ್ದರಿಂದ ಅವರ ಎರಡು ಕುರ್ಚಿಗಳು ಉಳಿದಿದ್ದವು. ಕುರ್ಚಿಗಳ ಹಿಂದೆಯೇ ಮನುಷ್ಯರೂ ಹೋಗಿದ್ದರು. ಆಳುವ ಪಕ್ಷದ ದೊಡ್ಡ ನಾಯಕರ ಚುನಾವಣಾ ಸಭೆ ಅವತ್ತು ಕ್ಯಾಂಪಸ್ಸಿನೊಳಗೇ ಇತ್ತು. 'ಆಸಕ್ತರು ಭಾಗವಹಿಸಬಹುದು' ಎಂದು ಸುತ್ತೋಲೆಯಲ್ಲಿ ಅಚ್ಚಾಗಿತ್ತು. ಆಸಕ್ತಿ ಇಲ್ಲದವರು ಯಾರು ಯಾರು ಅಂತ ಬರೆದಿಟ್ಟುಕೊಳ್ತೀವಿ ಎಂದು ಬಾಯಲ್ಲಿ ಹೇಳಿದ್ದರು. ಹೀಗಾಗಿ ಎಲ್ಲರಿಗೂ ಆಸಕ್ತಿ ಬಂದಿತ್ತು. ಬೆಳಿಗ್ಗೆಯೇ ಗೇಟುಗಳನ್ನು ಮುಚ್ಚಿದ್ದರು. ನಾಯಕರು ಬಂದು, ಮಾತಾಡಿ, ಹೆಲಿಕಾಪ್ಟರ್ ಹತ್ತುವವರೆಗೆ ಒಳಗಿನ ನೊಣ ಹೊರಗೆ ಹೋಗುವಂತಿರಲಿಲ್ಲ, ಹೊರಗಿನದು ಒಳಗೆ ಬರುವಂತಿರಲಿಲ್ಲ.

ಅವಳ ಪ್ರಬಂಧ ಜೊಂಡಿನ ಮೇಲೆ. ಚರ್ಮ ಹದಮಾಡುವ ಕಾರ್ಖಾನೆಗಳಿಂದ ಹರಿದುಬರುವ ಹೊಲಸು ನೀರನ್ನು ಒಂದು ಜಾತಿಯ ಜೊಂಡು ಹೇಗೆ ಸೋಸುತ್ತದೆ ಎನ್ನುವುದನ್ನು ಮೂಗು ಮುಚ್ಚಿಕೊಂಡು, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅವಳು ವರ್ಷಗಟ್ಟಲೆ ಅಳೆದಿದ್ದಳು. ಹಾಸ್ಟೆಲಿನಲ್ಲಿ ಎಲ್ಲರ ಬಾಯಲ್ಲೂ ಅವಳು ಜೊಂಡಕ್ಕ. ಬಟ್ಟೆ ಹೊಲಿದು ಮನೆ ನಡೆಸುವ ಅಮ್ಮ ಫೋನು ಮಾಡಿದಾಗಲೆಲ್ಲ, "ನಿನ್ನ ಓದು ಮುಗಿಯೋದ್ರೊಳಗೆ ನನ್ನ ಕಣ್ಣು ಮುಗಿಯುತ್ತೆ ಕಣೆ," ಎಂದು ನಗುತ್ತಿದ್ದಳು. ಈಚೆಗೆ ನಗು ಬಿಟ್ಟು ಮಾತು ಮಾತ್ರ ಹೇಳುತ್ತಿದ್ದಳು. ಊರಿನ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳಿಗೊಂದು ಕೆಲಸ ಸಿಕ್ಕಿತ್ತು. ವೈವಾ ಆಯಿತೆಂಬ ಪತ್ರವನ್ನು ಈ ವಾರದೊಳಗೆ ಕೊಟ್ಟರೆ ಅದು ಅವಳದು, ಇಲ್ಲದಿದ್ದರೆ ಪಟ್ಟಿಯಲ್ಲಿ ಅವಳ ಹಿಂದೆ ನಿಂತವರದು. ಪರೀಕ್ಷಕರೋ, ಗೇಟು ತೆಗೆದ ತಕ್ಷಣ ರೈಲಿಗೆ ಓಡಬೇಕು. ನಾಡಿದ್ದು ಹೊರದೇಶದ ಮಗಳ ಮನೆಗೆ ವಿಮಾನ ಹತ್ತಿದರೆ ವಾಪಸಾಗುವುದು ಮುಂದಿನ ವರ್ಷಕ್ಕೆ.

"ನೀವೂ ಇದ್ರಲ್ಲ ಆ ಸಮಿತಿಯಲ್ಲಿ?" ಎಂದು ಪರೀಕ್ಷಕರು ಅವಳ ಗೈಡ್ ಮೇಡಂ ಕಡೆ ತಿರುಗಿ ಕೆಣಕಿದರು. "ಪಕ್ಷದೋರ ಸಭೆಗೆ ಕ್ಯಾಂಪಸ್ ಕೊಡಬಹುದು ಅಂತ ಒಪ್ಪಿದೋರು?"

"ಒಪ್ಪಿದ್ದೆ ಸಾರ್. ಈಗಲೂ ಒಪ್ತೀನಿ. ಓಟು ಹಾಕೋ ವಯಸ್ಸಿನ ಮಕ್ಕಳು. ಯಾರು ಏನು ಹೇಳ್ತಾರೆ ಅಂತ ಎದುರಿಗೆ ಕೂತು ಕೇಳಲಿ, ಎದ್ದು ನಿಂತು ಪ್ರಶ್ನೆ ಹಾಕಲಿ ಅಂತ. ಎಲ್ಲಾ ಪಕ್ಷಕ್ಕೂ ಒಂದೇ ಮೈದಾನ, ಒಂದೇ ಬಾಡಿಗೆ, ಕೊನೇಲಿ ಅರ್ಧ ಗಂಟೆ ಮಕ್ಕಳ ಪ್ರಶ್ನೆ ಅಂತ ಷರತ್ತೂ ಹಾಕಿಸಿದ್ದೆ."

"ಆಮೇಲೆ?"

"ಆಮೇಲೇನು? ಇನ್ನೊಂದು ಪಕ್ಷದೋರು ಕೇಳಿದಾಗ ಮೈದಾನದಲ್ಲಿ ಹುಲ್ಲು ಬೆಳೆಸ್ತಾ ಇದೀವಿ ಅಂದ್ರು. ಪ್ರಶ್ನೆ ತಗೊಳ್ಳೋಕೆ ನಾಯಕರಿಗೆ ಪುರುಸೊತ್ತಿಲ್ಲ ಅಂದ್ರು. ಷರತ್ತೆಲ್ಲ ಉದುರಿಹೋಯ್ತು, ನನ್ನ ಒಪ್ಪಿಗೆ ಮಾತ್ರ ಗಟ್ಟಿಯಾಗಿ ಉಳೀತು."

ಪರೀಕ್ಷಕರು ಹೊಟ್ಟೆ ಕುಲುಕಿಸಿ ನಕ್ಕರು. "ನಮ್ಮ ಕಾಲದಲ್ಲಿ ಬಾಗಿಲು ತೆರೆದೇ ಇರೋದು. ಬೇಕಾದೋರು ಬರ್ತಿದ್ರು, ಬೇಡವಾದೋರು ಎದ್ದು ಹೋಗ್ತಿದ್ರು. ನಾನು ಒಬ್ಬ ಮಂತ್ರಿ ಮೇಲೆ ಮೊಟ್ಟೆ ಎಸೆದೋನು, ಗೊತ್ತಾ? ಗುರಿ ತಪ್ಪಿ ನಮ್ಮ ಪ್ರಿನ್ಸಿಪಾಲರ ಮೇಲೆ ಬಿತ್ತು. ಅವರು ಒರೆಸ್ಕೊಂಡು ಭಾಷಣ ಮುಂದುವರಿಸಿದ್ರು."

ಅವಳಿಗೂ ನಗು ಬರುತ್ತಿತ್ತೇನೋ. ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಹಾಸ್ಟೆಲಿನಲ್ಲಿ ಅವಳ ಜೊತೆ ಕೋಣೆ ಹಂಚಿಕೊಂಡಿದ್ದ, ಇತಿಹಾಸ ಓದುತ್ತಿದ್ದ ಹುಡುಗಿ. ಮಾತಿನಲ್ಲಿ ಬಿಡುವೇ ಇಲ್ಲದ್ದರಿಂದ ಅವಳಿಗೆ ಪಟಪಟಿ ಎಂದೇ ಹೆಸರು.

"ಜೊಂಡಕ್ಕಾ, ನಮ್ಮನ್ನ ಕೂಡಿಹಾಕಿದಾರೆ!"

"ಎಲ್ಲೇ?"

"ಲೈಬ್ರರಿಯಲ್ಲಿ. ಭದ್ರತೆಗಂತೆ. ಯಾರಿಂದ ಯಾರಿಗೆ ಭದ್ರತೆ ಅಂತ ಕೇಳಿದ್ದಕ್ಕೆ, ಸುಮ್ನೆ ಓದ್ಕೊಳ್ಳಿ ಅಂದ್ರು. ನಾವೇನು ಕಲ್ಲು ಹೊಡೆಯೋಕೆ ಹೋಗಿದ್ವಾ? ಬೋರ್ಡು ಹಿಡ್ಕೊಂಡು ನಿಂತಿದ್ವಿ ಅಷ್ಟೆ. ಬೋರ್ಡೂ ಕಿತ್ಕೊಂಡ್ರು. ಜನ್ಮದಲ್ಲಿ ಲೈಬ್ರರಿ ಮುಖ ನೋಡದೋರೆಲ್ಲ ಇಲ್ಲಿ ಕೂತಿದಾರೆ ನೋಡು, ಅದೊಂದು ಒಳ್ಳೇದಾಯ್ತು."

'ಬರಲಿ, ಮಾತಾಡಲಿ. ನಮಗೂ ಕೇಳಲು ಬಿಡಿ' ಎಂದು ಆ ಬೋರ್ಡಿನ ಮೇಲೆ ಬರೆದಿತ್ತು. ಜೊಂಡಕ್ಕನ ಅಕ್ಷರ ಮುದ್ದಾಗಿದೆಯೆಂದು ಅದನ್ನು ಅವಳ ಕೈಯಲ್ಲೇ ಬರೆಸಿದ್ದರು. ವೈವಾಕ್ಕೆ ಬಂದು ಕೂರುತ್ತೇವೆಂದು ಮಾತು ಕೊಟ್ಟಿದ್ದವರೂ ಇವರೇ, ಪಟಪಟಿ ಮತ್ತವಳ ಗೆಳತಿಯರು. ಕೇಳುವವರಲ್ಲಿ ಅರ್ಧ ಜನ ಮೈದಾನದಲ್ಲಿ, ಅರ್ಧ ಜನ ಬೀಗದೊಳಗೆ.

"ನೀನು ಶುರುಮಾಡು, ಹೆದರಬೇಡ," ಎಂದಳು ಪಟಪಟಿ. "ಬಾಗಿಲು ತೆಗೆದ ತಕ್ಷಣ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಓಡಿಬರ್ತೀನಿ."

ಫೋನು ಇಟ್ಟ ಸ್ವಲ್ಪ ಹೊತ್ತಿಗೆ ವಿಶ್ವವಿದ್ಯಾಲಯದ ಸಾರ್ವಜನಿಕ ಸಂಪರ್ಕಾಧಿಕಾರಿ ಬಾಗಿಲಲ್ಲಿ ಕಾಣಿಸಿಕೊಂಡರು. ಕತ್ತಿನ ಟೈ ಹೆಗಲ ಮೇಲಿತ್ತು. ಏದುಸಿರು.

"ಅಮ್ಮಾ ತಾಯಿ, ಇಲ್ಲಿದೀರಾ! ನನ್ನ ಮಾನ ಉಳಿಸಬೇಕು ನೀವು. ಎರಡೇ ನಿಮಿಷ. ವಿದ್ಯಾರ್ಥಿಗಳ ಪರವಾಗಿ ಸ್ವಾಗತ ಹೇಳಬೇಕಾಗಿದ್ದ ಮಹಾರಾಯ ಫೋನ್ ಆಫ್ ಮಾಡ್ಕೊಂಡು ಮಾಯ ಆಗಿದಾನೆ. ಘಟಿಕೋತ್ಸವದಲ್ಲಿ ಪ್ರತಿವರ್ಷ ಹೆಸರು ಕರೆಯೋದು ನೀವೇ ಅಲ್ವಾ? ಆ ಧ್ವನಿ ಸಾಕು. ಬರೆದು ತಂದಿದೀನಿ, ಓದಿದ್ರೆ ಆಯ್ತು."

"ನನಗೆ ಇವತ್ತು ವೈವಾ ಸಾರ್."

"ಗೊತ್ತು. ಕೇಳುಗರಿಲ್ಲ ಅನ್ನೋದೂ ಗೊತ್ತು. ಮೈದಾನದಿಂದ ಇಪ್ಪತ್ತು ಜನರನ್ನ ಎಬ್ಬಿಸಿ ನಿಮ್ಮ ಹಿಂದೇನೇ ಕಳಿಸ್ತೀನಿ. ನೀವು ನನಗೆ, ನಾನು ನಿಮಗೆ."

"ಲೈಬ್ರರಿಯಲ್ಲಿರೋರನ್ನ ಕಳಿಸಿ. ಬರ್ತೀನಿ."

"ಆ ಕೀ ನನ್ನ ಹತ್ರ ಇಲ್ಲಮ್ಮ," ಎಂದ ಅವರ ದನಿ ಇಳಿಯಿತು. "ಪೊಲೀಸರ ಹತ್ರ ಇದೆ. ಹೆಲಿಕಾಪ್ಟರ್ ಎದ್ದ ಮೇಲೇ ಅದು ತೆಗೆಯೋದು. ನನ್ನ ಮಗಳೂ ಇದಾಳೆ ಆ ಒಳಗೆ. ಬೆಳಿಗ್ಗೆಯಿಂದ ನನ್ನ ಫೋನ್ ಎತ್ತಿಲ್ಲ."

ಅವರು ಕೊಟ್ಟ ಹಾಳೆಯನ್ನು ಅವಳು ನಿಂತಲ್ಲೇ ಓದಿದಳು. ಮೊದಲು ಸ್ವಾಗತ, ಆಮೇಲೆ ಹೊಗಳಿಕೆ, ಎಲ್ಲ ಮಾಮೂಲಿ. ನಡುವೆ ಒಂದು ಸಾಲು: 'ನಾವ್ಯಾರೂ ಒತ್ತಾಯಕ್ಕೆ ಬಂದವರಲ್ಲ, ನಮ್ಮನ್ನು ಯಾರೂ ಎಳೆತಂದಿಲ್ಲ, ಯಾರೂ ತಡೆದಿಲ್ಲ.'

"ಈ ಸಾಲು ಓದಲ್ಲ."

"ಬಿಟ್ಟುಬಿಡಿ, ಅದನ್ನ ಯಾರು ನೋಡ್ತಾರೆ!"

ಅವಳು ಮೇಡಂ ಮುಖ ನೋಡಿದಳು. ಹೊಲಸು ನೀರಿನ ಹೊಂಡಕ್ಕೆ ಅವಳ ಜೊತೆ ಎಷ್ಟೋ ಸಲ ಇಳಿದಿದ್ದ ಮೇಡಂ ಈಗ ಕಿಟಕಿಯ ಕಡೆ ತಿರುಗಿಕೊಂಡರು. "ಹೋಗು ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ ಕಣಮ್ಮ. ಹೋಗು ಅಂದ್ರೆ ನಾಳೆ ನಿನಗೆ ಮುಖ ತೋರಿಸಕ್ಕಾಗಲ್ಲ. ಬೇಡ ಅಂದ್ರೆ ನಿಮ್ಮಮ್ಮನಿಗೆ ತೋರಿಸಕ್ಕಾಗಲ್ಲ."

ಪರೀಕ್ಷಕರು ಪ್ರಬಂಧದ ಪುಟ ತಿರುವುತ್ತ ಇದ್ದರು. ಅವರು ಮೊಟ್ಟೆಯ ಮಾತು ಎತ್ತಲಿಲ್ಲ.

ವೇದಿಕೆಯ ಮೇಲೆ ಗಾಳಿ ಜೋರಾಗಿತ್ತು. ಸಾಲುಸಾಲು ಕುರ್ಚಿಗಳ ಮೇಲೆ ಪಕ್ಷದ ಬಣ್ಣದ ಶಾಲು ಹೊದ್ದ ತಲೆಗಳು. ಬಸ್ಸಿನಲ್ಲಿ ಬಂದವರು ಯಾರು, ತರಗತಿಯಿಂದ ಬಂದವರು ಯಾರು ಎಂದು ಮೇಲಿನಿಂದ ಗುರುತು ಸಿಗುತ್ತಿರಲಿಲ್ಲ. ಹಾಳೆ ಪಟಪಟ ಹೊಡೆದುಕೊಳ್ಳುವುದನ್ನು ಕಂಡು ಸಂಪರ್ಕಾಧಿಕಾರಿ ಪಕ್ಕಕ್ಕೆ ಬಂದು ಒಂದು ಕೈಯಿಂದ ಅದನ್ನು ಒತ್ತಿಹಿಡಿದರು. ಇನ್ನೊಂದು ಕೈಯ ತೋರುಬೆರಳನ್ನು, ಮಕ್ಕಳಿಗೆ ಓದು ಕಲಿಸುವವರಂತೆ, ಅಕ್ಷರಗಳ ಕೆಳಗೆ ಸರಿಸತೊಡಗಿದರು. ಅವರಿಗದು ತಿಳಿದು ಮಾಡಿದ್ದಲ್ಲ, ಕೈಗೆ ಅಂಟಿದ ಅಭ್ಯಾಸ. ಬೆರಳು ಮುಂದೆ, ಅವಳ ದನಿ ಹಿಂದೆ. ಘಟಿಕೋತ್ಸವದ ಅದೇ ತುಂಬುದನಿ, ಎಲ್ಲೂ ತೊಡರುವುದಿಲ್ಲ, ಎಲ್ಲೂ ಓಡುವುದಿಲ್ಲ. ಬಿಡಬೇಕಾದ ಸಾಲು ಬಂತು. ಬೆರಳು ನಿಲ್ಲಲಿಲ್ಲ. ಬಾಯಿಯೂ ನಿಲ್ಲಲಿಲ್ಲ.

"...ಯಾರೂ ಎಳೆತಂದಿಲ್ಲ, ಯಾರೂ ತಡೆದಿಲ್ಲ."

ಮೈದಾನದಾಚೆ ಲೈಬ್ರರಿಯ ತಾರಸಿಗೆ ಕಟ್ಟಿದ್ದ ಧ್ವನಿವರ್ಧಕ ಅವಳದೇ ದನಿಯಲ್ಲಿ, ಅರೆಕ್ಷಣ ತಡವಾಗಿ, "ತಡೆದಿಲ್ಲ" ಎಂದಿತು.

ಇಳಿದು ಬರುವಾಗ ಯಾರೋ ಅವಳ ಹೆಗಲಿಗೂ ಒಂದು ಶಾಲು ಹಾಕಿದರು. ವಿಭಾಗದ ಮೆಟ್ಟಿಲು ಹತ್ತುತ್ತ ಅದನ್ನು ತೆಗೆದು, ಎಲ್ಲಿಡುವುದೆಂದು ತಿಳಿಯದೆ, ಕೊನೆಗೆ ಕೈಚೀಲದ ತಳಕ್ಕೆ ತುರುಕಿದಳು. ಸಂಪರ್ಕಾಧಿಕಾರಿ ಮಾತು ತಪ್ಪಲಿಲ್ಲ. ಅವಳ ಹಿಂದೆಯೇ ಇಪ್ಪತ್ತು ಜನ ನೀರಿನ ಬಾಟಲಿ ಹಿಡಿದುಕೊಂಡು ಬಂದು ನಾಲ್ಕು ಬೆಂಚುಗಳಲ್ಲಿ ಒತ್ತಾಗಿ ಕೂತರು. ಫ್ಯಾನು ಕಂಡು ಅವರಿಗೆ ಜೀವ ಬಂದಂತಾಯಿತು.

"ಧ್ವನಿ ಚೆನ್ನಾಗಿದೆ ನಿಮ್ಮದು," ಎಂದರು ಪರೀಕ್ಷಕರು, ಪುಟದಿಂದ ತಲೆ ಎತ್ತದೆ. "ಇಲ್ಲೀವರೆಗೂ ಕೇಳಿಸ್ತು. ಶುರುಮಾಡಿ."

ಅವಳು ಮೊದಲ ಚಿತ್ರ ತೋರಿಸಿ ಎರಡು ಮಾತಾಡಿ ಉಸಿರೆಳೆದುಕೊಂಡಳು. ಆ ಬಿಡುವಿನಲ್ಲಿ ಇಪ್ಪತ್ತು ಜನರೂ ಚಪ್ಪಾಳೆ ತಟ್ಟಿದರು.

"ಇಲ್ಲಿ ಚಪ್ಪಾಳೆ ಬೇಡಮ್ಮ," ಎಂದರು ಪರೀಕ್ಷಕರು.

"ಬೇಡ್ವಾ ಸ್ವಾಮಿ?" ಮುಂದಿನ ಬೆಂಚಿನಲ್ಲಿದ್ದ ಒಬ್ಬ ದಪ್ಪನೆಯ ಹೆಂಗಸು ಶಾಲಿನಿಂದ ಕತ್ತು ಒರೆಸಿಕೊಳ್ಳುತ್ತ ಕೇಳಿದಳು. "ಮಾತಾಡೋರು ಎಲ್ಲಿ ನಿಲ್ಲಿಸ್ತಾರೋ ಅಲ್ಲಿ ತಟ್ಟಬೇಕು ಅಂತ ಬಸ್ಸಲ್ಲೇ ಹೇಳಿದ್ರು."

"ಇದು ಪರೀಕ್ಷೆ. ಈ ಹುಡುಗಿಗೆ."

"ಅಯ್ಯೋ ಪಾಪ! ಪರೀಕ್ಷೇನಾ? ಹಾಗಾದ್ರೆ ಗಲಾಟೆ ಮಾಡಲ್ಲ. ನೀನು ಹೇಳಮ್ಮ, ನಿಧಾನಕ್ಕೆ ಹೇಳು. ಎಷ್ಟು ಹೊತ್ತಾದ್ರೂ ಕೂತಿರ್ತೀವಿ, ಅಲ್ಲಿ ಹೊರಗೆ ಬೆಂಕಿ ಬಿಸಿಲು."

ಹೊರಗೆ ನಾಯಕರ ಭಾಷಣ ಶುರುವಾಗಿತ್ತು. ಕಿಟಕಿ ಮುಚ್ಚಿದರೂ ಗಾಜು ನಡುಗುತ್ತಿತ್ತು. ಅವಳು ಬೇರಿನ ಬಗ್ಗೆ ಹೇಳಿದಳು, ಬೇರು ಹೀರಿದ ವಿಷ ಯಾವ ಭಾಗದಲ್ಲಿ ಉಳಿಯುತ್ತದೆ ಎನ್ನುವುದನ್ನು ಹೇಳಿದಳು. ಹೇಳುತ್ತ ಹೋದಂತೆ ನಾಲಿಗೆ ಸಲೀಸಾಯಿತು. ತನಗೆ ಗೊತ್ತಿದ್ದದ್ದನ್ನು ತಾನೇ ಹೇಳುತ್ತಿದ್ದೇನೆಂದು ಒಂದು ಗಳಿಗೆ ಸಮಾಧಾನವೂ ಆಯಿತು. ಪರೀಕ್ಷಕರು ಬಿಗಿಯಾಗಿಯೇ ಕೇಳಿದರು. ಮಳೆಗಾಲದ ಅಳತೆ ಯಾಕೆ ಕಡಿಮೆ? ಸತ್ತ ಜೊಂಡನ್ನು ಕಿತ್ತು ಎಲ್ಲಿ ಹಾಕ್ತೀರಿ? ಅವಳು ಯಾವುದಕ್ಕೂ ತಡವರಿಸಲಿಲ್ಲ. ಮೇಡಂ ಮಾತ್ರ ಇಡೀ ಹೊತ್ತು ತಮ್ಮ ಪೆನ್ನಿನ ಮುಚ್ಚಳ ಹಾಕುವುದು, ತೆಗೆಯುವುದು ಮಾಡುತ್ತಿದ್ದರು.

ಹೆಲಿಕಾಪ್ಟರ್ ಎದ್ದ ಸದ್ದು ಕಟ್ಟಡದ ಮೇಲಿಂದಲೇ ಹಾದುಹೋಯಿತು. ಅದು ಅಡಗಿದ ಮೇಲೆ ಪರೀಕ್ಷಕರು ಗಡಿಯಾರ ನೋಡಿಕೊಂಡರು. "ಕೊನೇದಾಗಿ ಸಾರ್ವಜನಿಕರು. ಯಾರಾದ್ರೂ ಏನಾದ್ರೂ ಕೇಳೋದಿದ್ರೆ ಎದ್ದು ನಿಂತು ಕೇಳಬಹುದು."

ಮೆಟ್ಟಿಲ ಮೇಲೆ ಓಡಿಬರುವ ಬರಿಗಾಲಿನ ಸದ್ದಾಯಿತು. ಪಟಪಟಿ ಬಾಗಿಲಲ್ಲಿ ಬಂದು ನಿಂತಳು. ಕೂದಲು ಕೆದರಿತ್ತು. ಒಂದು ಕೈಯಲ್ಲಿ ಎರಡೂ ಚಪ್ಪಲಿ ಹಿಡಿದಿದ್ದಳು. ಒಬ್ಬಳೇ. ಬೆಂಚುಗಳನ್ನೂ ಶಾಲುಗಳನ್ನೂ ನೋಡಿದಳು, ಆಮೇಲೆ ಜೊಂಡಕ್ಕನನ್ನು ನೋಡಿದಳು. ಚಪ್ಪಲಿಗಳನ್ನು ಸದ್ದಾಗದಂತೆ ನೆಲಕ್ಕಿಟ್ಟು, ಹಿಂದಿನ ಗೋಡೆಯ ಪಕ್ಕಕ್ಕೆ ಹೋಗಿ ನಿಂತಳು.

"ಹಾಂ, ಕೇಳಮ್ಮ," ಎಂದರು ಪರೀಕ್ಷಕರು. "ಏನು ಪ್ರಶ್ನೆ?"

"ಪ್ರಶ್ನೆ ಏನೂ ಇಲ್ಲ ಸಾರ್," ಎಂದಳು ಪಟಪಟಿ. ಅಷ್ಟು ಚಿಕ್ಕ ಮಾತು ಅವಳ ಬಾಯಿಂದ ಅವಳ ಜೊಂಡಕ್ಕ ಯಾವತ್ತೂ ಕೇಳಿರಲಿಲ್ಲ. "ಕೂರೋಕೆ ಜಾಗ ಇಲ್ಲ. ಅದಕ್ಕೇ ನಿಂತಿದೀನಿ."

ಪರೀಕ್ಷಕರು ಹಾಳೆಗಳನ್ನು ಹತ್ತಿರಕ್ಕೆಳೆದುಕೊಂಡು ಸಹಿ ಹಾಕತೊಡಗಿದರು. ಮೊದಲನೆಯದಕ್ಕೆ ಹಾಕಿದಾಗಲೇ ಮುಂದಿನ ಬೆಂಚಿನ ಹೆಂಗಸಿಗೆ ಪರೀಕ್ಷೆ ಪಾಸಾಯಿತೆಂದು ತಿಳಿದುಹೋಯಿತು. ಈ ಸಲ ಯಾರ ಅಪ್ಪಣೆಗೂ ಕಾಯದೆ ಖುಷಿಯಿಂದ ಚಪ್ಪಾಳೆ ತಟ್ಟಿದಳು, ಉಳಿದವರೂ ಸೇರಿಕೊಂಡರು. ಹಿಂದಿನ ಗೋಡೆಯ ಪಕ್ಕದಲ್ಲಿ ಪಟಪಟಿಯೂ ತಟ್ಟಿದಳು, ಕೈಗಳನ್ನು ಎದೆಯ ಮಟ್ಟಕ್ಕೆ ಹಿಡಿದು, ಜೊಂಡಕ್ಕನನ್ನೇ ನೋಡುತ್ತ. ಬೆಂಚುಗಳಲ್ಲಿ ಸದ್ದು ನಿಂತಿತು. ಪಟಪಟಿ ಒಬ್ಬಳೇ ಒಂದೇ ಸಮನೆ ತಟ್ಟುತ್ತಿದ್ದಳು. ಮುಂದಿನ ಬೆಂಚಿನ ಹೆಂಗಸು ಹಿಂದೆ ತಿರುಗಿ ನೋಡಿದಳು. ಬೇಗ ನಿಲ್ಲಿಸಿದ್ದು ತಪ್ಪಾಯಿತೇನೋ ಎಂದುಕೊಂಡು, ಬಾಟಲಿಯನ್ನು ಮಡಿಲಿಗೆ ಹಾಕಿಕೊಂಡು, ಮತ್ತೆ ಶುರುಮಾಡಿದಳು.