ಜುನಿಪರ್ ಮರದ ಹಿಂದೆ

"ಬಾಟ್ಲಿ ಎಲ್ಲಾ ತಂದು ಈ ಬಂಡೆ ಮೇಲೆ ಸಾಲಾಗಿ ಇಡಿ ನೋಡೋಣ," ಎಂದಳು ಟೆಸ್, ಬೆನ್ನಿನ ಚೀಲವನ್ನೂ ಇಳಿಸದೆ.

ಮರಳುಗಾಡಿನ ಕಣಿವೆಯಲ್ಲಿ ಹ್ಯಾಂಕ್, ವರ್ನಾ ಇಬ್ಬರನ್ನೂ ನಡೆಸಿಕೊಂಡು ಬಂದಿದ್ದ ಮಾರ್ಗದರ್ಶಿ ಟೆಸ್‌ಗೆ ಇಪ್ಪತ್ತಾರು ವರ್ಷ. ಸಂಜೆಯ ಈ ಲೆಕ್ಕವನ್ನು ಅವಳು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಬೆಳಿಗ್ಗೆ ಒರತೆಯ ಬಳಿ ತಲಾ ಆರು ಬಾಟಲಿ ತುಂಬಿಸಿದ್ದರು. ಮುಂದೆ ಎಲ್ಲೂ ನೀರಿಲ್ಲ. ನಾಳೆ, ಹಿಂದಿನ ಕಾಲದವರು ಬಂಡೆಯ ಮೇಲೆ ಒತ್ತಿಟ್ಟ ಕೆಂಪು ಅಂಗೈ ಗುರುತುಗಳ ಗೋಡೆಯವರೆಗೆ ಹೋಗಿ ಬರುವಷ್ಟೂ ಇದರಲ್ಲೇ ಆಗಬೇಕು.

ಹ್ಯಾಂಕ್ ತನ್ನ ನಾಲ್ಕು ಬಾಟಲಿಗಳನ್ನಿಟ್ಟ. ಅವನಿಗೆ ಎಪ್ಪತ್ತು ದಾಟಿತ್ತು. ಹೋದ ವರ್ಷ ಪ್ರವಾಹದ ಭಯಕ್ಕೆ ಇಲ್ಲಿಂದಲೇ ಹಿಂದಿರುಗಿದ್ದ. "ಈ ಸಲ ಆ ಗೋಡೆಗೆ ಕೈ ಬೀಸದೆ ಮನೆಗೆ ಹೋದ್ರೆ ನನ್ನ ಹೆಂಡ್ತಿ ಬಾಗಿಲು ತೆಗೆಯಲ್ಲ," ಎಂದು ನಕ್ಕ.

ವರ್ನಾ ಎರಡೇ ಬಾಟಲಿ ಇಟ್ಟಳು.

"ಉಳಿದಿದ್ದು?" ಎಂದಳು ಟೆಸ್.

"ಮುಚ್ಚಳ ಸಡಿಲ ಇತ್ತೇನೋ. ಸೋರಿಹೋಗಿದೆ."

ಟೆಸ್ ವರ್ನಾಳ ಚೀಲದ ತಳವನ್ನು ಮುಟ್ಟಿ ನೋಡಿದಳು. ಒಣಗಿತ್ತು. ಪಕ್ಕದಲ್ಲೇ ಕುಳಿತು ಬೂಟಿನ ದಾರ ಬಿಚ್ಚತೊಡಗಿದಳು.

ವರ್ನಾ ಮೂವತ್ತು ವರ್ಷ ಓಹಾಯೋದಲ್ಲಿ ಶಾಲೆಯ ಬಸ್ಸು ಓಡಿಸಿದವಳು. ಒಂದು ಮಗುವನ್ನೂ ಚಳಿಯಲ್ಲಿ ಕಾಯಿಸಿದವಳಲ್ಲ. ಚೀಲ ಹೊತ್ತು ನಡೆಯುವುದು ಇದೇ ಮೊದಲು. ಮಧ್ಯಾಹ್ನದಿಂದ ಪ್ರತಿ ತಿರುವಿನಲ್ಲೂ ಅವರಿಬ್ಬರೂ ನಿಂತು ತನಗಾಗಿ ಕಾಯುವುದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

"ಸೋರಿದ್ದಲ್ಲ," ಎಂದಳು. "ನಾನೇ ಚೆಲ್ಲಿದೆ. ದಾರೀಲಿ ಸಿಕ್ತಲ್ಲ, ಆ ಜುನಿಪರ್ ಮರದ ಹಿಂದೆ. ಭಾರ ತಡಕೊಳ್ಳೋಕಾಗ್ಲಿಲ್ಲ."

ಹ್ಯಾಂಕ್ ಬಾಟಲಿಗಳ ಕಡೆ ನೋಡಿದ, ಆಮೇಲೆ ಗೋಡೆಯತ್ತ ಹೋಗುವ ಕಣಿವೆಯ ತಿರುವಿನ ಕಡೆ.

"ನಾನಿಲ್ಲೇ ನೆರಳಲ್ಲಿ ಕೂತಿರ್ತೀನಿ. ನೀವಿಬ್ರೂ ಹೋಗಿಬನ್ನಿ," ಎಂದಳು ವರ್ನಾ.

"ಒಬ್ಬರನ್ನೇ ಬಿಟ್ಟು ಹೋಗೋ ಹಾಗಿಲ್ಲ, ವರ್ನಾ. ಬೆಳಿಗ್ಗೆ ಎಲ್ಲರೂ ಒರತೆಗೆ ವಾಪಸ್," ಎಂದಳು ಟೆಸ್. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು ಎನಿಸಿತು ವರ್ನಾಳಿಗೆ.

ಬೆಳಿಗ್ಗೆ ವರ್ನಾ ಎದ್ದು ಬರುವಷ್ಟರಲ್ಲಿ ಹ್ಯಾಂಕ್ ಅವಳ ಚೀಲದಿಂದ ಡೇರೆಯನ್ನೂ ಅಡುಗೆಯ ಪಾತ್ರೆಯನ್ನೂ ತೆಗೆದು ತನ್ನದಕ್ಕೆ ತುರುಕುತ್ತಿದ್ದ.

"ಬೇಡ, ಹ್ಯಾಂಕ್."

"ಭಾರ ಅಂತ ನಿನ್ನೆ ಬಾಯಿಬಿಟ್ಟು ಹೇಳಿದ್ದಿದ್ರೆ ಇಷ್ಟರಲ್ಲೇ ಮುಗೀತಿತ್ತು," ಎಂದ ಅವನು, ಅವಳ ಮುಖ ನೋಡದೆ. "ಈ ಸಲವೂ ಗೋಡೆ ಯಾಕೆ ನೋಡ್ಲಿಲ್ಲ ಅಂತ ಈಗ ನನ್ನ ಹೆಂಡ್ತಿಗೆ ನೀವೇ ಬಂದು ಹೇಳ್ಬೇಕು. ನನ್ನ ಮಾತು ನಂಬಲ್ಲ ಅವಳು."

ಟೆಸ್ ಅಂದು ವರ್ನಾಳನ್ನೇ ಮುಂದೆ ಬಿಟ್ಟಳು. ಅವಳ ನಡಿಗೆಗೇ ಎಲ್ಲರೂ ನಡೆದರು. ಜುನಿಪರ್ ಮರ ಬಂದಾಗ ವರ್ನಾ ನಿಂತಳು, ಹಿಂದಿನವರೂ ನಿಂತರು. ಮರಳು ಎಂದಿನಂತೆ ಒಣಗಿತ್ತು. ಅವಳು ನೀರು ಚೆಲ್ಲಿದ್ದ ಜಾಗದಲ್ಲಿ ಮಾತ್ರ ಅಂಗೈಯಗಲದ ಒಂದು ಗುಂಡಿ, ಅದರ ಅಂಚಿನ ಸುತ್ತ ಯಾವುದೋ ಪುಟ್ಟ ಪ್ರಾಣಿ ರಾತ್ರಿ ನೀರಿಗಾಗಿ ಕೆರೆದಿದ್ದ ಉಗುರಿನ ಗೆರೆಗಳು.