ಎಪ್ಪತ್ನಾಲ್ಕು ಸುತ್ತು

ಮೂವತ್ತು ವರ್ಷದ ಮೆಕ್ಯಾನಿಕ್ ಬದುಕಿನಲ್ಲಿ ಮರಿಸ್ವಾಮಿ ಗಿರಾಕಿಗೆ ಹೇಳಿದ ಸುಳ್ಳು ಒಂದೇ ಒಂದು. ಅದನ್ನೂ ಒಳ್ಳೆಯದಕ್ಕೇ ಹೇಳಿದ್ದ. ಹೇಳಿ ಆರು ವಾರ ಕಳೆದಿದ್ದರೂ ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಇನ್ನೂ ಹಾಗೇ ನಿಂತಿತ್ತು.

ಮಗಳಿಗೆ ಹೇಳಿದ ಸುಳ್ಳುಗಳ ಮಾತು ಬೇರೆ. ಸಿಂಚನ ಸ್ನೇಹಿತೆಯರ ಜೊತೆ ಬೈಕಿನಲ್ಲಿ ಊಟಿಗೆ ಹೊರಟರೆ ಬ್ರೇಕಿನ ವೈರು ಸವೆದಿದೆ ಎನ್ನುವನು. ಹೊಳೆಗೆ ಈಜಲು ಹೊರಟರೆ ಅವಳಮ್ಮ ಬೆಟ್ಟಮ್ಮನಿಗೆ ತಲೆಸುತ್ತು ಬಂದಿದೆ ಎನ್ನುವನು. ಅವಳು ನಕ್ಕು ಹೊರಟೇಬಿಡುತ್ತಿದ್ದಳು. ಇಪ್ಪತ್ತಾರು ವರ್ಷದ ಹುಡುಗಿ. ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ಡಿಪ್ಲೊಮಾ ಮಾಡಿ, ಒಂದು ವರ್ಷ ಕಾರ್ಖಾನೆಯಲ್ಲಿ ಬೋಲ್ಟು ಬಿಗಿದು ಬೇಜಾರಾಗಿ, ಈಗ ಹೂಟಗಳ್ಳಿಯಲ್ಲಿ ಅಪ್ಪನ ಶೆಡ್ಡಿನಲ್ಲೇ ಕೆಲಸ ಮಾಡುತ್ತಿದ್ದಳು.

ಶೆಡ್ಡಿಗೆ ಬೋರ್ಡಿರಲಿಲ್ಲ. ಮೈಸೂರಿನಲ್ಲಿ ಫೋರ್ ವೀಲ್ ಜೀಪು ಕಟ್ಟಿಕೊಂಡು ಕಲ್ಲು ಮಣ್ಣು ಹತ್ತಿಳಿಯುವ ಚಟ ಇದ್ದವರಿಗೆ ಬೋರ್ಡು ಬೇಕಾಗಿಯೂ ಇರಲಿಲ್ಲ. ಬೇರೆ ಕಡೆ ಕೆಲಸ ಮಾಡಿಸಿದ ಗಾಡಿ ಬಂದರೆ ಸಿಂಚನ ಮಾತು ನಂಬುತ್ತಿರಲಿಲ್ಲ. ಸ್ಟ್ಯಾಂಡಿನ ಮೇಲೆ ಎತ್ತಿ, ಟೈರಿಗೊಂದು ಬಳಪದ ಗೀಟು, ಎಂಜಿನ್ನಿನ ಪುಲ್ಲಿಗೊಂದು ಗೀಟು ಹಾಕಿ, ಅತಿ ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನನ್ನು ಕೈಯಿಂದ ತಿರುಗಿಸುತ್ತಿದ್ದಳು. ಚಕ್ರ ಒಂದು ಸುತ್ತು ಬರಲು ಎಂಜಿನ್ನು ಎಷ್ಟು ಸುತ್ತಬೇಕು ಎಂದು ಎಣಿಸುತ್ತಿದ್ದಳು. ಅದೇ ಆ ಜೀಪಿನ ಜಾತಕ. ಸಂಖ್ಯೆ ದೊಡ್ಡದಾದಷ್ಟೂ ಗಾಡಿ ನಿಧಾನ. ಹತ್ತುವಾಗ ಬಲ ಹೆಚ್ಚು, ಇಳಿಯುವಾಗ ಬ್ರೇಕು ಮುಟ್ಟದಿದ್ದರೂ ಎಂಜಿನ್ನೇ ಹಿಡಿದು ಹಿಡಿದು ಇಳಿಸುತ್ತದೆ. ಅಪ್ಪ ಕೂಡಿಸಿದ ಗೇರನ್ನು ಮಾತ್ರ ಅವಳು ಯಾವತ್ತೂ ಎಣಿಸಿದವಳಲ್ಲ. ಅವಳೇ ಏನು, ಊರಿನಲ್ಲಿ ಯಾರೂ ಎಣಿಸುತ್ತಿರಲಿಲ್ಲ.

ವಿಶ್ರುತ್ ಒಂಟಿಕೊಪ್ಪಲಿನ ಹಲ್ಲಿನ ಡಾಕ್ಟರು. ತಾತ ಅರಮನೆಯ ದಫ್ತರದಲ್ಲಿದ್ದವರು, ಅಪ್ಪ ಮೇಷ್ಟರು, ಮನೆಯಲ್ಲಿ ಯಾರೂ ಜೋರಾಗಿ ಸೈಕಲ್ ಹೊಡೆದವರೂ ಅಲ್ಲ. ಇವನಿಗೆ ಮೂವತ್ತೈದಕ್ಕೆ ಬಂಡೆ ಹತ್ತುವ ಹುಚ್ಚು ಹತ್ತಿತು. ಹಳೆಯ ಜೀಪೊಂದನ್ನು ಕೊಂಡು, ಅದಕ್ಕೆ ಎದೆಯೆತ್ತರದ ಟೈರು ಹಾಕಿಸಿದ. ಅಷ್ಟು ದೊಡ್ಡ ಚಕ್ರ ತಿರುಗಿಸಲಾರದೆ ಜೀಪು ಏದುಸಿರು ಬಿಡಲು ಶುರುಮಾಡಿತು. ಗೇರು ಇನ್ನೂ ಕೆಳಗಿಳಿಸಬೇಕು ಎಂದು ಯಾರೋ ಹೇಳಿದರು. ಇಂಟರ್‌ನೆಟ್ಟಿನಿಂದ ಇಪ್ಪತ್ತು ಹಾಳೆ ಪ್ರಿಂಟು ತೆಗೆದುಕೊಂಡು ಮರಿಸ್ವಾಮಿಯ ಹತ್ತಿರ ಬಂದ.

ಮರಿಸ್ವಾಮಿ ಅವನ ಮುಂದೆ ಎರಡು ಜೊತೆ ಗೇರು ಇಟ್ಟ. ಒಂದು ಹಾಕಿದರೆ ಐವತ್ತೈದು ಸುತ್ತು, ಇನ್ನೊಂದಕ್ಕೆ ಎಪ್ಪತ್ನಾಲ್ಕು. ವಿಶ್ರುತ್ ಎರಡನೆಯದರ ಮೇಲೆ ಕೈಯಿಟ್ಟ. ಮರಿಸ್ವಾಮಿ ಹೂಂ ಅನ್ನಲಿಲ್ಲ. ಒಂದು ಸಲ ಗಾಡಿಯಲ್ಲಿ ಹೋಗಿಬರೋಣ ಎಂದು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ಇಳಿಯುವಾಗ ಪಕ್ಕದಲ್ಲಿ ಕೂತು ಬರೀ ಅವನ ಎಡಗಾಲನ್ನು ನೋಡಿದ. ಪ್ರತಿ ತಿರುವಿನಲ್ಲೂ, ಗಾಡಿ ಸ್ವಲ್ಪ ಜೋರಾದಾಗಲೆಲ್ಲ, ಆ ಕಾಲು ತಾನಾಗಿ ಹೋಗಿ ಕ್ಲಚ್ ಒತ್ತುತ್ತಿತ್ತು. ಪೇಟೆಯ ಟ್ರಾಫಿಕ್ಕಿನಲ್ಲಿ ಕಲಿತ ಕಾಲು. ಭಯವಾದರೆ ಕ್ಲಚ್ಚಿಗೇ ಹೋಗುವುದು.

ಇದರಲ್ಲಿ ಅಂಥ ಅಪಾಯವೇನು ಎಂದು ನೀವು ಕೇಳಬಹುದು. ವಿಶ್ರುತ್ ಕೂಡ ಕೇಳಿದ. ಅತಿ ಕೆಳಗಿನ ಗೇರಿನಲ್ಲಿ ಇಳಿಯುವಾಗ ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಉರುಳತೊಡಗುತ್ತದೆ. ಆದರೆ ಗೇರು ಬಿದ್ದೇ ಇರುತ್ತದಲ್ಲ, ಚಕ್ರ ಒಂದು ಸುತ್ತಿದರೆ ಕ್ಲಚ್ ಪ್ಲೇಟು ಎಪ್ಪತ್ನಾಲ್ಕು ಸುತ್ತಬೇಕು. ಯಾವ ಪ್ಲೇಟೂ ಆ ವೇಗ ತಡೆಯುವುದಿಲ್ಲ, ಸಿಡಿಯುತ್ತದೆ. ಐವತ್ತೈದಾದರೆ ಆ ಅಪಾಯ ಅಷ್ಟಿಲ್ಲ. ನಜರ್‌ಬಾದಿನಲ್ಲಿ ಮರಿಸ್ವಾಮಿಗೆ ಕೆಲಸ ಕಲಿಸಿದ ರಾಮಸ್ವಾಮಿ ಹೀಗೇ ಒಂದು ಎಸ್ಟೇಟ್ ಜೀಪಿನ ಟ್ರಯಲ್ಲಿಗೆ ಕೂತಿದ್ದರು. ಪ್ಲೇಟಿನ ಚೂರು ಕಬ್ಬಿಣದ ಹೌಸಿಂಗನ್ನೇ ಸೀಳಿಕೊಂಡು ಬಂದು ಅವರ ಹರಡಿನ ಕೆಳಗಿನ ಪಾದವನ್ನು ತೆಗೆದುಕೊಂಡು ಹೋಯಿತು. ಆ ಪಾದವನ್ನು ಶೂ ಸಮೇತ ಎತ್ತಿ ಬಟ್ಟೆಯಲ್ಲಿ ಸುತ್ತಿದವನು ಇದೇ ಮರಿಸ್ವಾಮಿ.

"ಐವತ್ತೈದು ಸಾಕು ಕಣ್ರೀ ಡಾಕ್ಟ್ರೇ. ಒಂದು ವರ್ಸ ಕಾಲು ಪಳಗ್ಲಿ, ಆಮೇಲೆ ನಾನೇ ಕರ್ದು ಹಾಕ್ಕೊಡ್ತೀನಿ."

ವಿಶ್ರುತ್ ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡ. ಓದಿಕೊಂಡವರ ವಿನಯ, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವಂಥದ್ದು. ಎಪ್ಪತ್ನಾಲ್ಕೇ ಬೇಕು, ಇಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿ ಹಾಕಿಸುತ್ತೇನೆ ಎಂದ.

ಬೆಂಗಳೂರಿನಲ್ಲಿ ಹಾಕಿಯೇ ಹಾಕುತ್ತಾರೆ, ಕಾಲು ನೋಡುವವರು ಅಲ್ಲಿ ಯಾರಿದ್ದಾರೆ? ಮರಿಸ್ವಾಮಿಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಮೂರನೆಯ ದಿನ ಆಯ್ತು ಎಂದ. ಸಿಂಚನ ಅಜ್ಜಿಯ ಊರಿಗೆ ಹೋಗಿದ್ದ ಎರಡು ದಿನ ನೋಡಿಕೊಂಡು, ಒಬ್ಬನೇ ಕೂತು ಗೇರುಪೆಟ್ಟಿಗೆ ಬಿಚ್ಚಿ ಐವತ್ತೈದನ್ನು ಕೂಡಿಸಿದ. ಎಪ್ಪತ್ನಾಲ್ಕರ ಜೊತೆಯನ್ನು ಎಣ್ಣೆಕಾಗದದಲ್ಲಿ ಸುತ್ತಿ ಬೀರುವಿನಲ್ಲಿಟ್ಟ. ವರ್ಷ ಕಳೆದ ಮೇಲೆ ಬದಲಾಯಿಸಿ, ಬೈಸಿಕೊಂಡು, ನಕ್ಕುಬಿಡುವುದು ಎಂದು ಅವನ ಲೆಕ್ಕಾಚಾರ. ಗಾಡಿ ತೆಗೆದುಕೊಂಡು ಹೋಗಲು ಬಂದ ವಿಶ್ರುತ್ ಶೆಡ್ಡಿನ ಮುಂದೆಯೇ ಓಡಿಸಿ ನೋಡಿ ಹಿಗ್ಗಿಹೋದ. ಮೊದಲಿಗಿಂತ ಎಷ್ಟೋ ನಿಧಾನವಾಗಿತ್ತು, ಅಷ್ಟು ಸಾಕಾಯಿತು ಅವನಿಗೆ. ಎಪ್ಪತ್ನಾಲ್ಕು ಅಂದರೆ ಇದಪ್ಪ ಎಂದ. ಮರಿಸ್ವಾಮಿ ಹೂಂ ಎಂದ. ಆ ಹೂಂ ಎಂಬುದೇ ಸುಳ್ಳು.

ಆಮೇಲಿನ ಆರು ವಾರದಲ್ಲಿ ಆಗಬಾರದ್ದು ಏನೂ ಆಗಲಿಲ್ಲ. ಜೀಪು ಕೆಸರು ದಾಟಿತು, ದಿಬ್ಬ ಹತ್ತಿತು. ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುವವರೊಬ್ಬರು ಬೇಕು ಎಂದು ವಿಶ್ರುತ್ ಕೇಳಿದಾಗ ಸಿಂಚನ ಹೋಗತೊಡಗಿದಳು. ಕಲ್ಲು ಎಲ್ಲಿ ಜಾರುತ್ತದೆ, ಎಂಜಿನ್ನು ಯಾವಾಗ ಕೊಸರುತ್ತದೆ ಎಂಬುದನ್ನು ಅವಳ ಕಿವಿ ಕಣ್ಣಿಗಿಂತ ಮೊದಲು ಹಿಡಿಯುತ್ತಿತ್ತು. ಮರಿಸ್ವಾಮಿ ಒಳಗೊಳಗೇ ಹೆಮ್ಮೆಪಟ್ಟ, ಹೊರಗೆ ಗೊಣಗಿದ.

ಶನಿವಾರ ಮಧ್ಯಾಹ್ನ ಜೀಪು ಕ್ಲಬ್ಬಿನ ಕಾರ್ಯದರ್ಶಿ ಸಮರ್ಥ ನಾಲ್ಕು ಜನರನ್ನು ಕರೆದುಕೊಂಡು ಶೆಡ್ಡಿಗೆ ಬಂದ. ಊರಾಚೆಯ ಪಾಳು ಕಲ್ಲುಕ್ವಾರಿಯಲ್ಲಿ ಭಾನುವಾರ ಇಳಿಯುವ ಪಂದ್ಯ ಇಟ್ಟಿದ್ದರು. ಎಪ್ಪತ್ತು ಸುತ್ತಿಗಿಂತ ಮೇಲಿನ ಗಾಡಿಗಳಿಗೆ ನೇರ ಇಳಿಜಾರು, ಉಳಿದವಕ್ಕೆ ಬಳಸಿಕೊಂಡು ಹೋಗುವ ಬಂಡಿದಾರಿ. ನೇರ ಇಳಿಯುವವರ ಗಾಡಿಗಳನ್ನೆಲ್ಲ ಎತ್ತಿ ಎಣಿಸಿ ಆಗಿತ್ತು. ಡಾಕ್ಟರ ಗಾಡಿಯನ್ನು ಮಾತ್ರ ಎಣಿಸಿರಲಿಲ್ಲ. ಮರಿಸ್ವಾಮಿ ಕೈ ಹಾಕಿದ ಗಾಡಿ, ಅವರ ಸಹಿ ಇದ್ದರೆ ಮುಗಿಯಿತು ಎಂದು ಎಲ್ಲರೂ ಒಪ್ಪಿದ್ದರು. ಫಾರಂ ತುಂಬಿದ್ದವಳು ಸಿಂಚನ. ಎಪ್ಪತ್ನಾಲ್ಕು ಎಂದು ದುಂಡಗೆ ಬರೆದು ಅಪ್ಪನ ಮುಂದೆ ಹಿಡಿದಳು.

ಆಗಲೇ ಹೇಳಬಹುದಿತ್ತು. ನಾಲ್ಕು ಜನ ನಿಂತಿದ್ದರು, ಮಗಳು ಮುಖ ಅರಳಿಸಿಕೊಂಡು ನೋಡುತ್ತಿದ್ದಳು. ಮೂವತ್ತು ವರ್ಷ ಕಟ್ಟಿದ ಹೆಸರು ಒಂದು ಮಾತಿಗೆ ನೆಲಕ್ಕೆ ಬೀಳುತ್ತದೆ ಅನ್ನಿಸಿ ಅವನ ನಾಲಿಗೆ ಹೊರಳಲಿಲ್ಲ. ಡಾಕ್ಟರಿಗೆ ರಾತ್ರಿ ಫೋನು ಮಾಡಿ ಗುಟ್ಟಾಗಿ ಹೇಳಿದರಾಯಿತು ಎಂದು ಸಹಿ ಹಾಕಿದ. ರಾತ್ರಿ ಫೋನು ಕೈಗೆತ್ತಿಕೊಂಡ, ಕೆಳಗಿಟ್ಟ. ಬೆಳಗ್ಗೆ ಹೇಳೋಣ ಅಂದುಕೊಂಡ. ಎದ್ದಾಗ ಸಿಂಚನಳ ಹಾಸಿಗೆ ಮಡಿಚಿಟ್ಟಿತ್ತು. ಡಾಕ್ಟರು ಆರಕ್ಕೇ ಬಂದು ಕರೆದುಕೊಂಡು ಹೋದರು ಎಂದಳು ಬೆಟ್ಟಮ್ಮ. ಮರಿಸ್ವಾಮಿ ಕಾಫಿ ಲೋಟವನ್ನು ಹಾಗೇ ಬಿಟ್ಟು ಮೊಪೆಡ್ ಹತ್ತಿದ. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಇಬ್ಬರಿಗೂ ಫೋನು ಮಾಡಿದ, ಯಾರೂ ಎತ್ತಲಿಲ್ಲ.

ಕ್ವಾರಿಯ ಹತ್ತಿರ ಬಿಸಿಲು ಆಗಲೇ ಕಲ್ಲಿಗೆ ಬಿದ್ದು ಕಣ್ಣು ಚುಚ್ಚುತ್ತಿತ್ತು. ಐವತ್ತು ಅರವತ್ತು ಜನ ಸೇರಿದ್ದರೂ ಸದ್ದಿರಲಿಲ್ಲ, ಎಲ್ಲರೂ ಕೆಳಗೆ ನೋಡುತ್ತಿದ್ದರು. ಅವನೂ ಅಂಚಿಗೆ ಬಂದು ನೋಡಿದ. ಮನೆಯ ಮಾಡಿನಷ್ಟು ಕಡಿದಾದ ಇಳಿಜಾರು, ಉದ್ದಕ್ಕೂ ಜಲ್ಲಿಪುಡಿ. ಅದರ ಮೇಲೆ ಬ್ರೇಕು ಒತ್ತಿದರೆ ಚಕ್ರ ನಿಂತು ಗಾಡಿ ಜಾರುತ್ತದೆ, ಅದಕ್ಕೇ ಎರಡೂ ಕಾಲು ಪೆಡಲಿನಿಂದ ತೆಗೆದು ಇಳಿಯಬೇಕೆಂದು ಕಟ್ಟಳೆ. ತಳದಲ್ಲಿ ದಾರಿ ಬಲಕ್ಕೆ ತಿರುಗುತ್ತಿತ್ತು. ತಿರುಗದೆ ನೇರ ಹೋದರೆ ಕ್ವಾರಿಯ ನೀರು. ಹಸಿರು ಬಣ್ಣ, ಆಳ ಯಾರಿಗೂ ಗೊತ್ತಿಲ್ಲ.

ಮೊದಲ ಗಾಡಿ ಇಳಿಯುತ್ತಿತ್ತು. ಗುರ್ ಎನ್ನುವ ಒಂದೇ ದನಿ, ಏರಿಲ್ಲ ಇಳಿವಿಲ್ಲ, ಆಮೆಯಂತೆ ಹೋಗಿ ಬಲಕ್ಕೆ ತಿರುಗಿತು. ಜನ ಚಪ್ಪಾಳೆ ತಟ್ಟಿದರು. ಅದರ ಹಿಂದೆಯೇ ವಿಶ್ರುತನ ಜೀಪು ಅಂಚಿಗೆ ಬಂದು ನಿಂತಿತು. ಸಿಂಚನ ಪಕ್ಕದಲ್ಲಿ ಬೆಲ್ಟು ಬಿಗಿದುಕೊಳ್ಳುತ್ತಿದ್ದಳು.

ಮರಿಸ್ವಾಮಿ ಓಡಿಬಂದು ಬಾನೆಟ್ಟಿನ ಮೇಲೆ ಎರಡೂ ಕೈ ಊರಿದ.

"ಇಳಿಸ್ಬ್ಯಾಡಿ ಡಾಕ್ಟ್ರೇ. ಇದ್ರಲ್ಲಿ ಎಪ್ಪತ್ನಾಲ್ಕು ಇಲ್ಲ. ನಾನು ಹಾಕಿರೋದು ಐವತ್ತೈದು. ನಿಮ್ಗೆ ಸುಳ್ಳು ಹೇಳ್ಬುಟ್ಟೆ."

ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದ. ಹೆಸರು ಹೋದರೆ ಹೋಗಲಿ ಎನ್ನಿಸಿ ಆರು ವಾರದ ಮೇಲೆ ಮೊದಲ ಸಲ ಎದೆ ಹಗುರಾಯಿತು. ವಿಶ್ರುತ್ ಗಲಿಬಿಲಿಯಾಗಿ ಸಿಂಚನಳ ಕಡೆ ತಿರುಗಿದ. ಸಮರ್ಥ ಹಾಳೆ ಹಿಡಿದುಕೊಂಡು ಬಂದು, ನೀವೇ ನಿನ್ನೆ ಸಹಿ ಹಾಕಿದ್ದೀರಲ್ಲ ಎಂದು ಮೆಲ್ಲಗೆ ತೋರಿಸಿದ.

ಸಿಂಚನ ಅಪ್ಪನ ಮುಖವನ್ನೇ ನೋಡಿದಳು. ಕೆದರಿದ ಕೂದಲು, ತಿರುವುಮುರುವು ಗುಂಡಿ ಹಾಕಿದ ಅಂಗಿ. ಅವಳ ಕಣ್ಣಿನಲ್ಲಿ ಮರುಕ ಬಂತು. ಊಟಿಗೆ ಹೊರಟಾಗ, ಹೊಳೆಗೆ ಹೊರಟಾಗ ನೋಡಿದ್ದ ಅದೇ ಮುಖ.

"ನಮ್ಮಪ್ಪ ಒಂದು ಹಾಕಿ ಇನ್ನೊಂದು ಹೇಳೋರಲ್ಲ ಸರ್" ಎಂದಳು. "ನಾನು ಕೂತಿದೀನಲ್ಲ, ಅದಕ್ಕೆ ಈಗ ಸುಳ್ಳು ಹೇಳ್ತಿದಾರೆ."

ವಿಶ್ರುತನ ಮುಖ ಸಡಿಲವಾಯಿತು. ಸುತ್ತ ನಿಂತವರೂ ನಕ್ಕರು, ಪ್ರೀತಿಯಿಂದಲೇ.

"ಗಾಡಿ ಎತ್ತಿ ಎಣ್ಸವ್ವ. ನಿನ್ ಕೈಯಾರೆ ಎಣ್ಸು."

"ಇಷ್ಟು ಜನದ ಮುಂದೆ ನಿನ್ನ ಕೆಲಸಾನ ನಾನು ಎಣಿಸೋದಾ ಅಪ್ಪ? ನನ್ನ ಕೈಲಾಗಲ್ಲ."

ಅದನ್ನು ಅವಳು ಗಟ್ಟಿಯಾಗಿ ಹೇಳಲಿಲ್ಲ, ಅವನಿಗಷ್ಟೇ ಕೇಳುವಂತೆ ಹೇಳಿದಳು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಇಬ್ಬರು ಹುಡುಗರು ಬಂದು, ಬನ್ನಿ ಮೇಸ್ತ್ರಿ, ಏನೂ ಆಗಲ್ಲ ಎಂದು ಮರಿಸ್ವಾಮಿಯ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡರು. ಅವನು ಕೊಸರಿದ, ನೆಲಕ್ಕೆ ಕಾಲು ಕೊಟ್ಟ. ಅವರಿಗೆ ಅದೂ ತಂದೆಯ ಕರುಳಾಗಿಯೇ ಕಂಡಿತು, ಇನ್ನಷ್ಟು ಮೆತ್ತಗೆ, ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಜೀಪಿನ ಮೂತಿ ಕೆಳಗೆ ಬಾಗಿತು.

ಮೊದಲ ಹತ್ತಡಿ ಚೆನ್ನಾಗಿಯೇ ಹೋಯಿತು. ಆಮೇಲೆ ದನಿ ಏರತೊಡಗಿತು. ಜನಕ್ಕೆ ಅದು ಬರೀ ಸದ್ದು. ಮರಿಸ್ವಾಮಿಗೆ ಒಂದೊಂದು ಹಲ್ಲೂ ಕೇಳಿಸುತ್ತಿತ್ತು. ಹಿಡಿಯಬೇಕಾದ ಎಂಜಿನ್ನನ್ನು ಗಾಡಿಯೇ ತಳ್ಳಿಕೊಂಡು ಹೋಗುತ್ತಿತ್ತು. ಏರುವ ದನಿ ಕಿರುಚಾಯಿತು, ಚಕ್ರದ ಕೆಳಗಿನ ಪುಡಿ ಹೊಗೆಯಾಗಿ ಎದ್ದಿತು. ಸುತ್ತಲಿನ ಜನ ನಗುವುದನ್ನು ನಿಲ್ಲಿಸಿದರು. ಹಿಡಿದವರ ಕೈ ಸಡಿಲವಾಯಿತು, ಈಗ ಬಿಟ್ಟರೇನು.

ಅರ್ಧ ಇಳಿಜಾರಿನಲ್ಲಿ ಆ ಕಿರುಚು ಒಮ್ಮೆಲೇ ಕಡಿದು, ಎಂಜಿನ್ನು ಮನೆ ಮುಂದೆ ನಿಂತ ಗಾಡಿಯ ಹಾಗೆ ಮೆತ್ತಗೆ ಉಸಿರಾಡಿತು. ವಿಶ್ರುತ್ ಕ್ಲಚ್ ಒತ್ತಿದ್ದ, ಗಾಡಿಗೆ ಈಗ ಯಾವ ಹಿಡಿತವೂ ಇರಲಿಲ್ಲ. ಆ ಕಿವಿ ಸಿಂಚನಳಿಗೂ ಇತ್ತು. ಅವಳು ಮುಂದಿನ ತಿರುವನ್ನಾಗಲಿ ನೀರನ್ನಾಗಲಿ ನೋಡಲಿಲ್ಲ. ಬೆಲ್ಟಿನೊಳಗೇ ಹೊರಳಿ, ಕತ್ತು ತಿರುಗಿಸಿ, ಮೇಲೆ ಅಂಚಿನಲ್ಲಿ ನಿಂತ ಅಪ್ಪನನ್ನು ಹುಡುಕಿ ನೋಡಿದಳು. ಅಷ್ಟು ದೂರದಿಂದಲೂ ಅವನಿಗೆ ಆ ಮುಖ ಸ್ಪಷ್ಟವಾಗಿ ಕಂಡಿತು. ಈಗ ಅವಳು ಅವನನ್ನು ನಂಬಿದ್ದಳು.